ಬಂದ ಕೂಡಲೇ ಕೇಳಬೇಡಿ, ಯಾವಾಗ ಹೋಗ್ತೀರಿ ಅಂತ

7 ಡಿಸೆಂಬರ್ 2024, ಶನಿವಾರ
ಹುಬ್ಬಳ್ಳಿ

ಇವತ್ತು ಬೆಳಗಿನ ಶಾಲೆ. ಪ್ರಾರ್ಥನೆ ಮುಗಿದ ಮೇಲೆ ಏಳನೇ ತರಗತಿಯ ಮಕ್ಕಳಿಗೆ ಧ್ವಜ ಹಂಚಿದೆ. ಬೆರಳುದ್ದದ ಕಾಗದದ ಧ್ವಜ, ಜೊತೆಗೊಂದು ಗುಂಡುಪಿನ್ನು. ಕೆಂಪು, ಕಡುನೀಲಿ, ತಿಳಿನೀಲಿ. ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. 1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ನಾನು ಚಿಕ್ಕವಳಿದ್ದಾಗಲೂ ಇದೇ ಮೂರು ಬಣ್ಣ, ಇದೇ ಪಿನ್ನು.

ಮಕ್ಕಳು ಮನೆಯಿಂದ ಐದು, ಹತ್ತು ರೂಪಾಯಿ ತಂದಿದ್ದರು. ಒಬ್ಬ ಹುಡುಗ ಕೇಳಿದ, "ಟೀಚರ್, ಈ ರೊಕ್ಕದಾಗ ಬಂದೂಕು ತರ್ತಾರಾ?" ಇಲ್ಲ ಅಂದೆ. ಬಂದೂಕಿಗೆ ಸರ್ಕಾರದ ಹಣ ಬೇರೆ ಇದೆ. ಈ ದುಡ್ಡು ಮನೆಗಳಿಗೆ ಹೋಗುತ್ತೆ. ಗಂಡನನ್ನು ಕಳೆದುಕೊಂಡವರಿಗೆ, ಕೈಕಾಲು ಕಳೆದುಕೊಂಡು ಬಂದವರಿಗೆ, ಮಾಜಿ ಸೈನಿಕರ ಮಕ್ಕಳ ಓದಿಗೆ, ಪಿಂಚಣಿ ಇಲ್ಲದ ವಯಸ್ಸಾದ ಸೈನಿಕರಿಗೆ.

"ಮಿಲಿಟರಿಯವರಿಗೂ ಪಿಂಚಣಿ ಇರಲ್ವಾ?" ಅಂತ ಇನ್ನೊಬ್ಬಳು ಕಣ್ಣರಳಿಸಿದಳು. ಜವಾನರಿಗೆ ಸಾಮಾನ್ಯವಾಗಿ 15 ವರ್ಷ ಸೇವೆ ತುಂಬಬೇಕು. ಅದಕ್ಕೆ ಮೊದಲೇ ಬಿಟ್ಟು ಬರಬೇಕಾದವರೂ ಇದ್ದಾರೆ. ಪಿಂಚಣಿ ಇದ್ದವರದ್ದೂ ಸುಲಭದ ಬದುಕಲ್ಲ. ನನ್ನ ತಮ್ಮ 19ಕ್ಕೆ ಸೇರಿ 36ಕ್ಕೆ ನಿವೃತ್ತನಾದ. ಮಾಜಿ ಸೈನಿಕ ಅಂದ ಕೂಡಲೇ ಜನ ಬಿಳಿಮೀಸೆಯ ಮುದುಕನನ್ನು ನೆನೆಸಿಕೊಳ್ಳುತ್ತಾರೆ. ಇವನ ಮಗಳು ಆಗಿನ್ನೂ ಎರಡನೇ ತರಗತಿ. ಮೊದಲ ಎರಡು ವರ್ಷ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡಿದ. ಕಾರ್ಗಿಲ್ ಕಡೆಯ ಚಳಿ ಕಂಡವನು ಗೇಟು ತೆಗೆದು ಹಾಕುತ್ತಾ ನಿಂತಿದ್ದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಅವನು ಮಾತ್ರ ಒಂದು ದಿನವೂ ಏನೂ ಅನ್ನಲಿಲ್ಲ.

ಆಮೇಲೆ ಮಕ್ಕಳನ್ನು ಕೇಳಿದೆ, ಸೈನಿಕರಿಗೆ ನಾವು ಏನು ಮಾಡಬಹುದು? ಸೆಲ್ಯೂಟ್ ಹೊಡಿಯೋದು, ಚಪ್ಪಾಳೆ, ಜೈ ಜವಾನ್. ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಸೇನೆಯಲ್ಲಿದ್ದಾರೆ, ಸೂಟಿಗೆ ಬಂದಿದ್ದಾರೆ ಅಂತ ಗೊತ್ತಿತ್ತು.

"ಎಲ್ಲಾರೂ ನಮ್ಮಪ್ಪಗ ಯಾವಾಗ ಹೋಗ್ತಿ ಅಂತ ಕೇಳ್ತಾರ್ರಿ ಟೀಚರ್. ಬಂದ ದಿನಾನೇ. ಅದನ್ನ ಕೇಳಬಾರ್ದ್ರಿ."

ನನಗೆ ಮಾತೇ ಹೊರಡಲಿಲ್ಲ. ಯಾಕೆಂದರೆ ನಾನೂ ಕೇಳಿದ್ದೇನೆ. ತಮ್ಮ ಬ್ಯಾಗ್ ಇಳಿಸಿ, ಬೂಟಿನ ದಾರ ಬಿಚ್ಚುತ್ತಿರುವಾಗಲೇ ಕೇಳಿದ್ದೇನೆ. "ಯಾವಾಗ ಬಂದಿ, ಯಾವಾಗ ಹೋಗ್ತಿ?" ನಮ್ಮ ಕಡೆ ಅದು ಸುಮ್ನೆ ಮಾತಾಡಿಸುವ ರೀತಿ, ಕೆಟ್ಟ ಮನಸ್ಸಿನಿಂದ ಯಾರೂ ಕೇಳಲ್ಲ. ಆದರೆ ಅವರಿಗೆ ವಾರ್ಷಿಕ ರಜೆ 60 ದಿನ. ಅದೂ ಹೆಚ್ಚಾಗಿ ಒಂದೇ ಸಲಕ್ಕೆ ಸಿಗಲ್ಲ. ಸಿಕ್ಕಿದ್ದರಲ್ಲಿ ಹೊಲದ ಕೆಲಸ, ಮದುವೆ, ಬ್ಯಾಂಕು, ಆಸ್ಪತ್ರೆ ಎಲ್ಲಾ ಮುಗಿಸಬೇಕು. ಹಾಗೆ ಬಂದವನಿಗೆ ಬಾಗಿಲಲ್ಲೇ ಹೋಗುವ ದಿನ ನೆನಪಿಸಿದರೆ ಹೇಗಾಗಬೇಡ? ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುವ ಹೆಂಡತಿಗೆ ಹೇಗಾಗಬೇಡ?

2016ರ ಫೆಬ್ರವರಿ ನೆನಪಾಯಿತು. ಆ ವಾರ ಹುಬ್ಬಳ್ಳಿಯ ಯಾವ ಮನೆಯಲ್ಲೂ ಬೇರೆ ಮಾತಿರಲಿಲ್ಲ. ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಬಿತ್ತು. 10 ಮಂದಿ ಅಡಿಯಲ್ಲಿ ಸಿಕ್ಕಿಕೊಂಡರು. ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕರು. ಆ ಸುದ್ದಿ ಬಂದಾಗ ನಮ್ಮ ಓಣಿಯಲ್ಲಿ ಜನ ಮನೆಯಿಂದ ಹೊರಗೆ ಓಡಿ ಬಂದಿದ್ದರು. ನಮ್ಮ ಅವ್ವ ಮೂರು ದಿನ ದೇವರ ಮುಂದಿನ ದೀಪ ಆರಲು ಬಿಡಲಿಲ್ಲ. ಫೆಬ್ರವರಿ 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಹೋದರು. ಹಾಸನ ಮತ್ತು ಮೈಸೂರು ಜಿಲ್ಲೆಯ ಸೈನಿಕರೂ ಅದೇ ಠಾಣೆಯಲ್ಲಿ ತೀರಿಕೊಂಡಿದ್ದರು. ಮರುದಿನ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ, ಹನುಮಂತಪ್ಪ ಅವರ ಅಂತಿಮ ದರ್ಶನದ ಸಾಲಿನಲ್ಲಿ ನಾನೂ ನಿಂತಿದ್ದೆ. ಮುಂದೆ ತರಕಾರಿ ಮಾರುವ ಅಜ್ಜಿ, ಹಿಂದೆ ಕಾಲೇಜು ಹುಡುಗರು. ಅಷ್ಟು ಜನ, ಆದರೂ ಗದ್ದಲ ಇರಲಿಲ್ಲ. ಆ ಸಾಲಿನಲ್ಲಿ ಇದ್ದದ್ದೆಲ್ಲ ನಿಜವಾದ ದುಃಖ.

ಆ ಪ್ರೀತಿ ಬದುಕಿರುವವರಿಗೂ ತಲುಪಬೇಕಲ್ವಾ ಅಂತ ಇವತ್ತು ಜಾಸ್ತಿ ಅನ್ನಿಸಿತು. ತಮ್ಮ ಒಮ್ಮೆ ದಿಢೀರ್ ರಜೆ ಸಿಕ್ಕಿ ದೆಹಲಿಯಿಂದ ಹೊರಟಿದ್ದ. ರೈಲಿನಲ್ಲಿ ಸೀಟು ಇಲ್ಲ. ಬಾಗಿಲ ಹತ್ತಿರ, ಟ್ರಂಕಿನ ಮೇಲೆ ಕೂತಿದ್ದ. ಬೆಳಗಾವಿ ಕಡೆಯ ಒಂದು ಕುಟುಂಬ ಅವನನ್ನು ಒಳಗೆ ಕರೆದು, ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಜಾಗ ಮಾಡಿಕೊಟ್ಟಿತು. ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಟ್ಟರು. ಆ ಮನೆಯ ಅಜ್ಜಿ, "ನಿಮ್ಮವ್ವ ಹೆಂಗದಾಳಪ್ಪಾ?" ಅಂತ ಕೇಳಿದರಂತೆ. ತಮ್ಮನ ಮೆಡಲ್‌ಗಳು ಕಪಾಟಿನ ಒಂದು ಡಬ್ಬಿಯಲ್ಲಿವೆ. ಅವುಗಳ ಬಗ್ಗೆ ಅವನು ಮಾತೇ ಆಡಲ್ಲ. ಆ ರೊಟ್ಟಿಯ ಕಥೆ ಮಾತ್ರ ಹತ್ತು ಸಲವಾದರೂ ಹೇಳಿದ್ದಾನೆ. ಪ್ರತಿ ಸಲ ಅಜ್ಜಿಯ ಮಾತಿಗೆ ಬಂದಾಗ ದನಿ ಸಣ್ಣದಾಗುತ್ತೆ.

ಶಾಲೆ ಬಿಟ್ಟಾಗ ಆ ಹುಡುಗಿಯ ಅಪ್ಪ ಗೇಟಿನ ಹತ್ತಿರ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹತ್ತಿರ ಹೋಗಿ, "ಸೂಟಿಗೆ ಬಂದ ಮೇಲೆ ಮನ್ಯಾಗ ಏನೇನು ಮಾಡಿಸ್ಕೊಂಡು ಉಂಡ್ರಿ?" ಅಂತ ಕೇಳಿದೆ. ಮುಖ ಅರಳಿತು. ಎಣಗಾಯಿ, ಝುಣಕ, ಅವ್ವ ಮಾಡಿದ ಮಾದಲಿ ಅಂತ ಶುರು ಮಾಡಿದವರು ಹದಿನೈದು ನಿಮಿಷ ಮಾತಾಡಿದರು. ಮಗಳು ಬೈಕಿನ ಮೇಲೆ ಕೂತು ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು.

ಒಟ್ಟು 610 ರೂಪಾಯಿ ಸೇರಿದೆ. ಚಿಲ್ಲರೆಯೆಲ್ಲ ಎಣಿಸಿ ಲಕೋಟೆಗೆ ಹಾಕಿ ಇಟ್ಟಿದ್ದೇನೆ. ಸೋಮವಾರ ಹೆಡ್‌ಮಾಸ್ತರರ ಕೈಗೆ ಕೊಡಬೇಕು. ರಾತ್ರಿ ತಮ್ಮನಿಗೆ ಫೋನ್ ಮಾಡಿ, ಆ ಹುಡುಗಿ ಹೇಳಿದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಕೂಸಿಗೆ ನನ್ನ ಕಡೆಯಿಂದ ಒಂದು ಪೆನ್ನು ಕೊಡಕ್ಕ" ಅಂದ.