ಜಿನೀವಾದಿಂದ ಆನ್ಮಾಸ್‌ಗೆ: ಮೇಯರ್ ಜಾನ್ ದೆಫೋ ಅವರ ಗಡಿಯೂರಿಗೆ ಹೋಗುವವರಿಗಾಗಿ

ಜಿನೀವಾಕ್ಕೆ ಹೋಗುವ ನಮ್ಮವರು ಸರೋವರದ ಕಾರಂಜಿ ನೋಡಿ, ವಿಶ್ವಸಂಸ್ಥೆಯ ಕಚೇರಿಯ ಮುಂದೆ ಫೋಟೊ ತೆಗೆಸಿಕೊಂಡು, ಮರುದಿನ ಹಿಮಶಿಖರಗಳ ಕಡೆ ಹೊರಡುವುದು ವಾಡಿಕೆ. ಅದೇ ಪ್ರವಾಸದಲ್ಲಿ ಒಂದು ದಿನವನ್ನು ಉಳಿಸಿಕೊಂಡು, ಗಡಿಯಾಚೆ ಫ್ರಾನ್ಸಿನಲ್ಲಿರುವ ಆನ್ಮಾಸ್ ಎಂಬ ಸಾಧಾರಣ ಪಟ್ಟಣಕ್ಕೆ ಹೋಗಿಬನ್ನಿ ಎಂದು ಕೇಳಿಕೊಳ್ಳಲು ಈ ಬರಹ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮೇಯರ್ ಆಗಿದ್ದ ಜಾನ್ ದೆಫೋ, ಹಗಲಿನಲ್ಲಿ ಜರ್ಮನ್ ಅಧಿಕಾರಿಗಳೊಡನೆ ಪುರಸಭೆಯ ವ್ಯವಹಾರ ನಡೆಸುತ್ತಲೇ, ಅವರ ಸೆರೆಯಲ್ಲಿದ್ದ ಪ್ರತಿರೋಧ ಹೋರಾಟಗಾರರಿಗೂ ಯೆಹೂದಿ ಮಕ್ಕಳಿಗೂ ಗುಟ್ಟಾಗಿ ನೆರವಾದವರು.

ಮೊದಲು ದಾರಿಯ ವಿಷಯ. ಜಿನೀವಾದ ಕಾರ್ನವ್ಯಾಂ ನಿಲ್ದಾಣದಿಂದ ಲೆಮಾನ್ ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೆಯೊಳಗೆ ಆನ್ಮಾಸ್ ತಲುಪಿಸುತ್ತದೆ; 2019ರ ಡಿಸೆಂಬರ್‌ನಲ್ಲಿ ಈ ಮಾರ್ಗ ತೆರೆದ ಮೇಲೆ ಪ್ರಯಾಣ ತುಂಬ ಸುಲಭವಾಗಿದೆ. ಆದರೆ ಹೋಗುವಾಗ ರೈಲನ್ನು ಬಿಟ್ಟು 17ನೇ ಸಂಖ್ಯೆಯ ಟ್ರಾಮ್ ಹಿಡಿಯುವುದೇ ಲೇಸೆಂದು ನನ್ನ ಅಭಿಪ್ರಾಯ, ಏಕೆಂದರೆ ರೈಲು ಬಹುಪಾಲು ಸುರಂಗದಲ್ಲೇ ಸಾಗಿ ಗಡಿಯನ್ನು ಕಣ್ಣಿಗೆ ಕಾಣಿಸುವುದೇ ಇಲ್ಲ, ಟ್ರಾಮ್ ಮಾತ್ರ ಮ್ವಾಲ್ಸುಲಾ ಎಂಬಲ್ಲಿ ಹಳೆಯ ಗಡಿದಾಟನ್ನು ನೆಲದ ಮೇಲೆಯೇ ಹಾದುಹೋಗುತ್ತದೆ. ಹೋಟೆಲಿನವರು ಪ್ರವಾಸಿಗಳಿಗೆ ಉಚಿತವಾಗಿ ಕೊಡುವ ಜಿನೀವಾ ಸಾರಿಗೆ ಕಾರ್ಡ್ ಸ್ವಿಸ್ ಭಾಗಕ್ಕೆ ಮಾತ್ರ ಅನ್ವಯಿಸುವುದರಿಂದ, ಗಡಿಯಾಚೆಗೆ ಪ್ರತ್ಯೇಕ ಟಿಕೆಟ್ ಕೊಳ್ಳಲೇಬೇಕು. ಎರಡೂ ದೇಶಗಳು ಷೆಂಗೆನ್ ವಲಯದಲ್ಲಿರುವುದರಿಂದ ಬೇರೆ ವೀಸಾ ಬೇಡವಾದರೂ ತಪಾಸಣೆ ಯಾವಾಗ ಬೇಕಾದರೂ ನಡೆಯಬಹುದು. ಪಾಸ್‌ಪೋರ್ಟಿನ ಜೆರಾಕ್ಸ್ ನಂಬಿಕೊಂಡು ಹೋಗದೆ ಮೂಲಪ್ರತಿಯನ್ನೇ ಇಟ್ಟುಕೊಳ್ಳಿ. ಗಡಿ ದಾಟಿದರೆ ಫ್ರಾಂಕ್ ಹೋಗಿ ಯೂರೊ ಬರುತ್ತದೆ ಎಂಬುದನ್ನೂ ಮರೆಯಬೇಡಿ.

ಮ್ವಾಲ್ಸುಲಾದಲ್ಲಿ ಇಳಿದು ಸ್ವಲ್ಪ ಹೊತ್ತು ನಡೆಯಿರಿ. ಇಲ್ಲಿ ಎರಡು ದೇಶಗಳ ನಡುವಿನ ಗಡಿಯೆಂದರೆ ಫೊರಾನ್ ಎಂಬ ಚಿಕ್ಕ ಹೊಳೆ. ನಮ್ಮ ಊರುಗಳ ಕಾಲುವೆಯಷ್ಟೇ ಇರುವ ಈ ನೀರನ್ನು ನೋಡಿದಾಗ, ಆಗ ಬದುಕಿಗೂ ಸಾವಿಗೂ ಇದ್ದ ಅಂತರ ಇಷ್ಟೇ ಎಂಬುದು ಮನಸ್ಸಿಗೆ ನಾಟುತ್ತದೆ. 1942ರ ನವೆಂಬರ್‌ನಿಂದ ಈ ಓತ್ ಸಾವ್ವಾ ಜಿಲ್ಲೆ ಇಟಲಿಯ ಸೇನೆಯ ವಶದಲ್ಲಿತ್ತು, ಮತ್ತು ಇಟಾಲಿಯನ್ನರು ಯೆಹೂದಿಗಳನ್ನು ಗಡೀಪಾರು ಮಾಡಲು ಆಸಕ್ತಿ ತೋರಲಿಲ್ಲ. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾದೊಡನೆ ಜರ್ಮನ್ನರೇ ಇಲ್ಲಿಗೆ ಬಂದರು, ಪರಿಸ್ಥಿತಿ ಒಮ್ಮೆಲೇ ಬಿಗಡಾಯಿಸಿತು. ಸ್ವಿಟ್ಜರ್ಲೆಂಡ್ ಕೂಡ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ದೊಡ್ಡವರನ್ನು ಎಷ್ಟೋ ಸಲ ಹಿಂದಕ್ಕೆ ಅಟ್ಟುತ್ತಿದ್ದರು, ಆದರೆ ಹೆತ್ತವರಿಲ್ಲದೆ ಬಂದ ಹದಿನಾರರೊಳಗಿನ ಮಕ್ಕಳನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಿದ್ದರು. ಭೂಗತ ಸಂಘಟನೆಗಳು ಮಕ್ಕಳನ್ನೇ ಗುಂಪುಗುಂಪಾಗಿ ಈ ಊರಿಗೆ ತಂದು ಗಡಿ ದಾಟಿಸಿದ್ದಕ್ಕೆ ಇದೂ ಒಂದು ಕಾರಣ.

ಅಲ್ಲಿಂದ ಟ್ರಾಮಿನಲ್ಲಿಯೇ ಆನ್ಮಾಸ್‌ನ ನಡುವಿಗೆ ಬನ್ನಿ. ಇಲ್ಲಿ ದೊಡ್ಡ ಸ್ಮಾರಕಭವನವನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆಯಾದೀತು. ಇದು ಅಪಾರ್ಟ್‌ಮೆಂಟುಗಳೂ ಅಂಗಡಿಗಳೂ ತುಂಬಿದ, ದಿನವೂ ಸಾವಿರಾರು ಜನ ಜಿನೀವಾಕ್ಕೆ ಕೆಲಸಕ್ಕೆ ಹೋಗಿಬರುವ ಊರು. ಆದ್ದರಿಂದ ಕಥೆಯನ್ನು ಮೊದಲೇ ತಿಳಿದುಕೊಂಡು ಹೋಗಬೇಕು, ಇಲ್ಲದಿದ್ದರೆ ಬೀದಿಗಳು ಏನನ್ನೂ ಹೇಳುವುದಿಲ್ಲ. ಜರ್ಮನ್ನರು ಸೆರೆಮನೆಯಾಗಿ ಮಾಡಿಕೊಂಡಿದ್ದ ಪಾಕ್ಸ್ ಹೋಟೆಲಿನ ತಾಣ ಎಲ್ಲಿದೆ ಎಂಬುದನ್ನು ಪ್ರವಾಸಿ ಮಾಹಿತಿ ಕಚೇರಿಯಲ್ಲಿ ಕೇಳಿ ನಕ್ಷೆಯ ಮೇಲೆ ಗುರುತು ಹಾಕಿಸಿಕೊಳ್ಳುವುದು ಒಳ್ಳೆಯದು. ಮಧ್ಯಾಹ್ನದ ಊಟದ ಹೊತ್ತಿಗೆ ಇಂಥ ಕಚೇರಿಗಳು ಮುಚ್ಚುವುದುಂಟು, ಭಾನುವಾರವಂತೂ ನಂಬುವಂತಿಲ್ಲ. ವಾರದ ನಡುವಿನ ಒಂದು ಬೆಳಗ್ಗೆಯನ್ನು ಆರಿಸಿಕೊಳ್ಳಿ.

ಈ ಪಾಕ್ಸ್ ಸೆರೆಮನೆಯ ಸುತ್ತಲೇ ದೆಫೋ ಅವರ ಕೆಲಸವೆಲ್ಲ ನಡೆದದ್ದು. ಮೇಯರ್ ಎಂಬ ಅಧಿಕಾರದಿಂದ ಅವರಿಗೆ ಒಳಗೆ ಹೋಗಲು ಅನುಮತಿ ಸಿಗುತ್ತಿತ್ತು. ಆ ಅನುಮತಿಯನ್ನೇ ಬಳಸಿಕೊಂಡು ಕೈದಿಗಳಿಗೆ ಊಟ, ಔಷಧ, ಹೊದಿಕೆ ಒಯ್ಯುತ್ತಿದ್ದರು, ಹೊರಗಿನ ಸಂಘಟನೆಗೂ ಒಳಗಿನವರಿಗೂ ನಡುವೆ ಕೊಂಡಿಯಾಗಿದ್ದರು. 1944ರ ಮೇ 31ರಂದು ಭೂಗತ ಸಂಘಟನೆಯ ಮರಿಯಾನ್ ಕೋನ್ ಎಂಬ ಇಪ್ಪತ್ತೊಂದು ವರ್ಷದ ಯುವತಿ 28 ಯೆಹೂದಿ ಮಕ್ಕಳನ್ನು ಲಾರಿಯಲ್ಲಿ ಕರೆತರುವಾಗ, ಗಡಿ ಇನ್ನೇನು ಬಂತು ಎನ್ನುವಷ್ಟರಲ್ಲಿ ಜರ್ಮನ್ ಪಹರೆಗೆ ಸಿಕ್ಕಿಬಿದ್ದರು, ಎಲ್ಲರನ್ನೂ ಪಾಕ್ಸ್‌ಗೆ ತಂದು ಕೂಡಿಹಾಕಿದರು. ದೆಫೋ ಜರ್ಮನ್ನರ ರಹಸ್ಯ ಪೊಲೀಸ್ ಪಡೆಯಾದ ಗೆಸ್ಟಾಪೊದ ಮುಖ್ಯಸ್ಥನೊಡನೆ ವಾದಿಸಿ, ಕೇಳಿದಾಗ ಮರಳಿ ಒಪ್ಪಿಸುತ್ತೇನೆಂದು ತಮ್ಮ ಸಹಿ ಹಾಕಿಕೊಟ್ಟು, ಚಿಕ್ಕವರಾದ 17 ಮಕ್ಕಳನ್ನು ಹೊರತಂದು ಹತ್ತಿರದ ಬಾನ್ ಎಂಬ ಹಳ್ಳಿಯ ಮಕ್ಕಳ ವಸತಿಗೆ ಸೇರಿಸಿದರು. ಉಳಿದ 11 ದೊಡ್ಡ ಮಕ್ಕಳು ಹಗಲಿನಲ್ಲಿ ಸಮೀಪದ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದು ರಾತ್ರಿ ಸೆರೆಗೆ ಮರಳುವ ಏರ್ಪಾಡಾಯಿತು.

ಮರಿಯಾನ್‌ಳನ್ನು ತಪ್ಪಿಸಿಕೊಂಡು ಹೋಗುವಂತೆ ಮಾಡುವ ಯೋಜನೆಯನ್ನು ಸಂಘಟನೆ ಹಾಕಿತ್ತು, ಆ ಸುದ್ದಿ ದೆಫೋ ಅವರ ಮೂಲಕವೇ ಆಕೆಗೆ ತಲುಪಿತು. ತಾನು ಹೋದರೆ ಮಕ್ಕಳ ಮೇಲೆ ಸೇಡು ತೀರಿಸಿಕೊಂಡಾರೆಂದು ಆಕೆ ಒಪ್ಪಲಿಲ್ಲ. ಜುಲೈ 7 ಮುಗಿದು 8 ಆಗುವ ರಾತ್ರಿ ಆಕೆಯನ್ನೂ ಇನ್ನೂ ಕೆಲವು ಹೋರಾಟಗಾರರನ್ನೂ ಸೆರೆಯಿಂದ ಒಯ್ದು ಕೊಂದರು. ಮಕ್ಕಳು ಮಾತ್ರ ಉಳಿದರು, ಒಬ್ಬರೂ ತಪ್ಪದೆ. ಆಗಸ್ಟ್ 18ರಂದು ಆನ್ಮಾಸ್ ಬಿಡುಗಡೆಯಾಯಿತು. ಗೆಸ್ಟಾಪೊ ಕಚೇರಿಯ ಮೆಟ್ಟಿಲು ಹತ್ತುವಾಗಲೆಲ್ಲ ತಮಗೆ ಭಯವಾಗುತ್ತಿತ್ತು, ಮನಸ್ಸಿನಲ್ಲಿ ಪ್ರಾರ್ಥಿಸಿಕೊಂಡೇ ಹತ್ತುತ್ತಿದ್ದೆ ಎಂದು ದೆಫೋ ಯುದ್ಧ ಮುಗಿದ ಮೇಲೆ ಹೇಳಿಕೊಂಡಿದ್ದಾರೆ. ಈ ಮಾತಿಗಾಗಿ ನನಗೆ ಆ ಮನುಷ್ಯನ ಮೇಲೆ ಗೌರವ ಇಮ್ಮಡಿಯಾಗಿದೆ. ಬಂದೂಕು ಹಿಡಿದು ಬೆಟ್ಟ ಹತ್ತಿದವರ ಧೈರ್ಯಕ್ಕೆ ಇದು ಕಡಿಮೆಯದ್ದಲ್ಲ; ಕುರ್ಚಿಯಲ್ಲಿ ಉಳಿದು, ಶತ್ರುವಿನ ಮುಖವನ್ನು ದಿನವೂ ನೋಡುತ್ತ, ಸಹಿ ಮತ್ತು ಮೊಹರನ್ನೇ ಜೀವ ಉಳಿಸಲು ಬಳಸುವುದಕ್ಕೆ ಬೇರೆಯೇ ಬಗೆಯ ಎದೆಗಾರಿಕೆ ಬೇಕು. ಯೆಹೂದಿ ನರಮೇಧದ ನೆನಪನ್ನು ಕಾಪಾಡುವ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ, ಯೆಹೂದಿಗಳನ್ನು ಉಳಿಸಿದ ಅನ್ಯಧರ್ಮೀಯರಿಗೆ ಕೊಡುವ ಗೌರವವನ್ನು ಅವರಿಗೆ ನೀಡಿದೆ.

ಮಧ್ಯಾಹ್ನದ ನಂತರ ವಿಲ್ ಲಾ ಗ್ರಾಂ ಕಡೆ ಹೋಗಿ. ಆನ್ಮಾಸ್‌ಗೆ ಅಂಟಿಕೊಂಡೇ ಇರುವ ಈ ಊರಿಗೆ ನಡೆದೇ ಹೋಗಬಹುದು, ಮಳೆಯಿದ್ದರೆ ಬಸ್ಸೂ ಇದೆ. ಇಲ್ಲಿನ ಜುವೆನಾ ಎಂಬ ಕ್ರೈಸ್ತ ಶಾಲೆಯ ತೋಟದ ಗೋಡೆಯ ಆಚೆಗೇ ಸ್ವಿಟ್ಜರ್ಲೆಂಡ್. ಶಾಲೆಯ ಮಾಳಿಗೆಯ ಕಿಟಕಿಯಲ್ಲಿ ಬ್ರದರ್ ರೇಮಾಂ ಬೊಕಾರ್ ಕುಳಿತು ಜರ್ಮನ್ ಪಹರೆಯನ್ನು ಗಮನಿಸುತ್ತಿದ್ದರು. ಸೈನಿಕರು ತಿರುವಿನಲ್ಲಿ ಮರೆಯಾದೊಡನೆ ತಮ್ಮ ಟೋಪಿಯಿಂದ ಸನ್ನೆ ಮಾಡುತ್ತಿದ್ದರು, ಕೆಳಗೆ ಕಾದು ನಿಂತವರು ಸಿಕ್ಕ ಕೆಲವೇ ನಿಮಿಷಗಳಲ್ಲಿ ಏಣಿ ಹಾಕಿ ಗೋಡೆ ಹಾರಬೇಕಿತ್ತು. ಈ ಕೆಲಸದ ಮುಂದಾಳಾಗಿದ್ದ ಪಾದ್ರಿ ಲೂಯಿ ಫಾವ್ರ್ ಅವರನ್ನು 1944ರ ಫೆಬ್ರವರಿಯಲ್ಲಿ ಬಂಧಿಸಿ, ಜುಲೈ 16ರಂದು ಆನ್ಸಿಯ ಬಳಿ ಗುಂಡಿಟ್ಟು ಕೊಂದರು. ಜಾಗ ಇಂದಿಗೂ ಶಾಲೆಯಾಗಿರುವುದರಿಂದ ಕೇಳದೆ ಒಳಗೆ ಹೋಗುವಂತಿಲ್ಲ. ಒಳಗೆ ನೋಡಲೇಬೇಕೆನ್ನುವವರು ಮೊದಲೇ ಪತ್ರ ಬರೆದು ಅನುಮತಿ ಕೇಳಬೇಕು. ಮಕ್ಕಳಿರುವ ಹೊತ್ತಿನಲ್ಲಿ ಗೇಟಿನ ಬಳಿ ಕ್ಯಾಮೆರಾ ಹಿಡಿದು ನಿಲ್ಲುವುದು ಸರಿಯಲ್ಲ.

ರಾತ್ರಿ ಉಳಿಯುವುದಾದರೆ ಆನ್ಮಾಸ್‌ನಲ್ಲೇ ಉಳಿಯಿರಿ, ಜಿನೀವಾಕ್ಕಿಂತ ಹೋಟೆಲ್ ಬಾಡಿಗೆ ಬಹಳ ಕಡಿಮೆ. ಸಸ್ಯಾಹಾರಿಗಳು ಈ ಸೀಮೆಯ ಚೀಸ್ ಅಡುಗೆಗಳನ್ನು ಕೇಳುವಾಗ ಹಂದಿಮಾಂಸ ಬೇಡವೆಂದು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಆಲೂಗಡ್ಡೆಯ ತಾರ್ತಿಫ್ಲೆತ್‌ನಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಮರುದಿನ ಕಾರು ಸಿಗುವಂತಿದ್ದರೆ ಆನ್ಸಿ ದಾಟಿ ತೋನ್ ಬಳಿಯ ಮೊರೆತ್ ಸಮಾಧಿಭೂಮಿಗೆ ಹೋಗಬಹುದು. ಅಲ್ಲಿ ಗ್ಲಿಯೆರ್ ಪ್ರಸ್ಥಭೂಮಿಯಲ್ಲಿ 1944ರ ಮಾರ್ಚ್‌ನಲ್ಲಿ ಹೋರಾಡಿದವರ ಸಮಾಧಿಗಳಿವೆ, ಪಕ್ಕದಲ್ಲೇ ಪ್ರತಿರೋಧದ ವಸ್ತುಸಂಗ್ರಹಾಲಯವೂ ಇದೆ. ಆನ್ಮಾಸ್‌ನ ಬೀದಿಗಳಲ್ಲಿ ಕಾಣದ ದಾಖಲೆ, ಛಾಯಾಚಿತ್ರಗಳನ್ನು ನೋಡಬಯಸುವವರಿಗೆ ಇದೇ ಸರಿಯಾದ ಜಾಗ. ಪ್ರಸ್ಥಭೂಮಿಯವರೆಗೂ ಏರುವ ಆಸೆಯಿದ್ದವರು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋಗುವುದು ಕ್ಷೇಮ. ಹಿಮ ಬೀಳುವ ತಿಂಗಳುಗಳಲ್ಲಿ ಆ ರಸ್ತೆಯಲ್ಲಿ ಚಳಿಗಾಲದ ಟಯರ್ ಇಲ್ಲದ ಬಾಡಿಗೆ ಕಾರನ್ನು ಒಯ್ಯಬಾರದು.