ಕಮೋಡ್ ಕಟ್ಟಿಕೊಂಡಾಗ, ಆಸಿಡ್ ಬಾಟಲಿಗೆ ಕೈ ಹಾಕುವ ಮುನ್ನ

ದಸರಾ ರಜೆಯಲ್ಲಿ ಮೈಸೂರಿನ ಮನೆಗಳಿಗೆ ನೆಂಟರು ಬರುವುದು ವಾಡಿಕೆ. ಮೂರು ನಾಲ್ಕು ಜನರಿಗೆಂದು ಇರುವ ಶೌಚಾಲಯವನ್ನು ಏಕಾಏಕಿ ಹತ್ತು ಹನ್ನೆರಡು ಜನ ಬಳಸತೊಡಗುವುದರಿಂದ, ವರ್ಷವಿಡೀ ತೊಂದರೆ ಕೊಡದ ಕಮೋಡ್ ಕೂಡ ಆ ದಿನಗಳಲ್ಲೇ ಕಟ್ಟಿಕೊಳ್ಳುತ್ತದೆ. ಆಯುಧಪೂಜೆಯ ದಿನವಂತೂ ಪ್ಲಂಬರ್ ಸಿಗುವುದು ಕಷ್ಟ. ಅವರ ಸ್ಪ್ಯಾನರು, ರಾಡುಗಳೆಲ್ಲ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಪೂಜೆಗೆ ಕುಳಿತಿರುತ್ತವೆ, ಅಂದು ಅವನ್ನು ಎತ್ತುವಂತಿಲ್ಲ. ಅಂಥ ಹೊತ್ತಿನಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಅಂಗಡಿಯಲ್ಲಿ ಸಿಗುವ ಬಾತ್‌ರೂಮ್ ಆಸಿಡ್. ಅದರ ಅಗತ್ಯ ಬಹುತೇಕ ಇರುವುದಿಲ್ಲ ಎಂಬುದನ್ನು, ಮನೆಯಲ್ಲಿರುವ ಬಕೆಟ್ಟು, ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಸ್ನಾನದ ಬಿಸಿನೀರಿನಿಂದಲೇ ಕೆಲಸ ಆಗುತ್ತದೆ ಎಂಬುದನ್ನು ಕಾರಣಸಹಿತ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಕಟ್ಟಿಕೊಳ್ಳುವುದು ಎಲ್ಲಿ ಎಂಬುದನ್ನು ತಿಳಿಯಬೇಕು. ಕಮೋಡ್ ಆಗಲಿ, ಕುಕ್ಕರಗಾಲಿನಲ್ಲಿ ಕೂತು ಬಳಸುವ ಇಂಡಿಯನ್ ಬೇಸಿನ್ ಆಗಲಿ, ಅದರ ಬುಡದಲ್ಲಿ ಒಂದು ಬಾಗಿದ ಕೊಳವೆ ಇರುತ್ತದೆ. ಪ್ಲಂಬರುಗಳು ಅದನ್ನು ಟ್ರ್ಯಾಪ್ ಎನ್ನುತ್ತಾರೆ. ಆ ಬಾಗಿನಲ್ಲಿ ಸದಾ ನಿಂತಿರುವ ನೀರು ಚರಂಡಿಯ ದುರ್ವಾಸನೆ ಮನೆಯೊಳಕ್ಕೆ ಬಾರದಂತೆ ತಡೆಯುತ್ತದೆ. ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕ 1775ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಈ ಏರ್ಪಾಡು ಇಂದಿಗೂ ಮೂಲದಲ್ಲಿ ಬದಲಾಗಿಲ್ಲ. ಟ್ರ್ಯಾಪಿನ ದಾರಿ ಅದರ ಮುಂದಿನ ನಾಲ್ಕು ಇಂಚಿನ ಪೈಪಿಗಿಂತ ಸಾಮಾನ್ಯವಾಗಿ ಕಿರಿದು, ಜೊತೆಗೆ ತಿರುವು ಬೇರೆ. ಆದ್ದರಿಂದ ಸಿಕ್ಕಿಕೊಳ್ಳುವ ವಸ್ತು ಹೆಚ್ಚಾಗಿ ಅಲ್ಲೇ, ನಮ್ಮ ಕೈಯಳತೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಮನೆಯವರೇ ಬಿಡಿಸಿಕೊಳ್ಳಬಹುದು ಎಂಬ ಭರವಸೆಗೆ ಆಧಾರ ಇದೇ.

ಆದರೆ ಎಲ್ಲ ಸಲವೂ ಹಾಗಿರುವುದಿಲ್ಲವಾದ್ದರಿಂದ, ಕೆಲಸಕ್ಕೆ ಇಳಿಯುವ ಮೊದಲು ಸ್ನಾನದ ಮನೆಯ ನೆಲದ ಜಾಲಿಯನ್ನೂ ಮನೆಯ ಹೊರಗೆ ಶೌಚದ ಪೈಪು ಬಂದು ಸೇರುವ ಮುಚ್ಚಳದ ತೊಟ್ಟಿಯನ್ನೂ, ಅಂದರೆ ಚೇಂಬರನ್ನೂ ನೋಡಬೇಕು. ಕಮೋಡಿಗೆ ನೀರು ಬಿಟ್ಟಾಗ ನೆಲದ ಜಾಲಿಯಲ್ಲಿ ಗುಳುಗುಳು ಸದ್ದು ಬಂದರೆ, ಅಥವಾ ನೀರು ಅಲ್ಲಿಂದ ಮೇಲಕ್ಕೆ ಬಂದರೆ, ತಡೆ ಇರುವುದು ಟ್ರ್ಯಾಪಿನಲ್ಲಲ್ಲ, ಮುಂದಿನ ಪೈಪಿನಲ್ಲಿ. ಚೇಂಬರಿನ ಮುಚ್ಚಳ ಸರಿಸಿ ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಮುಖ ಬಗ್ಗಿಸದೆ ದೂರದಿಂದಲೇ ನೋಡಿದರೆ ಉಳಿದದ್ದು ತಿಳಿಯುತ್ತದೆ. ಚೇಂಬರ್ ಬರಿದಾಗಿದ್ದರೆ ತಡೆ ಕಮೋಡಿಗೂ ಚೇಂಬರಿಗೂ ನಡುವೆ ಇದೆ. ಅದು ಮನೆಯವರ ಕೆಲಸ. ತುಂಬಿ ನಿಂತಿದ್ದರೆ ತಡೆ ರಸ್ತೆಯ ಯುಜಿಡಿ (ಒಳಚರಂಡಿ) ಲೈನಿನ ಕಡೆಗಿದೆ; ಅದಕ್ಕೆ ಪಾಲಿಕೆಗೆ ದೂರು ಕೊಡಬೇಕು, ಒಳಗಿನಿಂದ ಎಷ್ಟು ನೀರು ಸುರಿದರೂ ಅದು ಮನೆಯೊಳಕ್ಕೇ ತಿರುಗಿ ಬರುತ್ತದೆ. ಇಷ್ಟನ್ನು ನೋಡದೆಯೇ ಫ್ಲಷ್ ಒತ್ತುತ್ತಾ ಹೋಗುವುದರಿಂದ ಎಷ್ಟೋ ಮನೆಗಳಲ್ಲಿ ಕೊಳಕು ನೀರು ನೆಲಕ್ಕೆ ಉಕ್ಕಿ, ಒಂದು ಕೆಲಸ ಎರಡಾಗುತ್ತದೆ.

ತಡೆ ಒಳಗೇ ಇದೆ ಎಂದು ಖಚಿತವಾದ ಮೇಲೆ, ಫ್ಲಷ್ ಟ್ಯಾಂಕಿಗೆ ನೀರು ಬರುವ ಆಂಗಲ್ ಕಾಕ್ ಅನ್ನು ಮೊದಲು ತಿರುಗಿಸಿ ಮುಚ್ಚಿರಿ. ಕೈಗೆ ರಬ್ಬರ್ ಗ್ಲೌಸ್ ಇಲ್ಲದಿದ್ದರೆ ದಪ್ಪನೆಯ ಪ್ಲಾಸ್ಟಿಕ್ ಕವರನ್ನು ಎರಡು ಪದರ ಹಾಕಿಕೊಂಡು ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಬಿಗಿಯಬಹುದು. ಕಮೋಡ್ ತುಂಬಿದ್ದರೆ, ಮತ್ತೆ ಬಳಸಲು ಇಟ್ಟುಕೊಳ್ಳದ ಒಂದು ಹಳೆಯ ಚೊಂಬಿನಿಂದ ಅರ್ಧದಷ್ಟು ನೀರನ್ನು ಬಕೆಟ್ಟಿಗೆ ತೆಗೆಯಬೇಕು. ಅನಂತರ ಪಾತ್ರೆ ತೊಳೆಯುವ ಲಿಕ್ವಿಡನ್ನು ಒಂದು ಲೋಟದ ಕಾಲುಭಾಗದಷ್ಟು ಸುರಿದು, ಅದರ ಮೇಲೆ ಬಿಸಿನೀರು ಹಾಕಿ, ಅರ್ಧ ಗಂಟೆ ಸುಮ್ಮನೆ ಬಿಡಬೇಕು. ಸೋಪು ಜಾರಿಕೆ ಕೊಡುತ್ತದೆ, ಬಿಸಿ ಗಟ್ಟಿಯಾದದ್ದನ್ನು ಮೆತ್ತಗಾಗಿಸುತ್ತದೆ. ನೀರು ಗೀಸರಿನಿಂದ ಬರುವಷ್ಟು ಬಿಸಿಯಿದ್ದರೆ ಸಾಕು. ಒಲೆಯ ಮೇಲೆ ಮರಳುತ್ತಿರುವ ನೀರನ್ನು ತಂದು ಸುರಿಯಲೇಬಾರದು, ಏಕೆಂದರೆ ತಣ್ಣಗಿರುವ ಪಿಂಗಾಣಿ ಹಠಾತ್ ಬಿಸಿಗೆ ಸೀಳು ಬಿಡಬಹುದು, ಪಿವಿಸಿ ಪೈಪು ಮೃದುವಾಗಿ ಅದರ ಜಾಯಿಂಟು ಸಡಿಲಬಹುದು.

ಅರ್ಧ ಗಂಟೆಯ ನಂತರ ಅರ್ಧ ಬಕೆಟ್ ನೀರನ್ನು ಸೊಂಟದ ಎತ್ತರದಿಂದ, ಸಣ್ಣ ಧಾರೆಯಾಗಿ ಬಿಡದೆ, ನೇರವಾಗಿ ರಂಧ್ರದ ಕಡೆಗೆ ಒಮ್ಮೆಗೇ ಸುರಿಯಬೇಕು. ಇಲ್ಲಿ ಕೆಲಸ ಮಾಡುವುದು ನೀರಿನ ಪ್ರಮಾಣಕ್ಕಿಂತ ಅದು ಬೀಳುವ ವೇಗ. ಇಂದಿನ ಎರಡು ಗುಂಡಿಯ ಫ್ಲಷ್ ಟ್ಯಾಂಕುಗಳು ಸಾಮಾನ್ಯವಾಗಿ ಮೂರು ಅಥವಾ ಆರು ಲೀಟರ್ ನೀರನ್ನಷ್ಟೇ ಬಿಡುವುದರಿಂದ, ಬಕೆಟ್ಟಿನ ಎಂಟು ಹತ್ತು ಲೀಟರು ಒಟ್ಟಿಗೆ ಬಿದ್ದಾಗ ಟ್ರ್ಯಾಪಿನ ಮೇಲೆ ಆಗುವ ಒತ್ತಡ ಫ್ಲಷ್‌ನಿಂದ ಆಗುವುದಕ್ಕಿಂತ ಬಹಳ ಹೆಚ್ಚು. ನೀರು ನಿಧಾನವಾಗಿಯಾದರೂ ಇಳಿಯುತ್ತಿದ್ದರೆ, ಅದು ಪೂರ್ತಿ ಇಳಿಯುವವರೆಗೆ ಕಾದು ಮತ್ತೆ ಹೀಗೆಯೇ ಮಾಡಬೇಕು. ಅವಸರವಿಲ್ಲದೆ ಇದೊಂದನ್ನೇ ಮಾಡಿದರೆ ಸಾಮಾನ್ಯವಾದ ತಡೆ ಬಿಟ್ಟುಕೊಳ್ಳುತ್ತದೆ ಎಂಬುದು ನನ್ನ ದೃಢವಾದ ಅನುಭವ.

ಅದಕ್ಕೂ ಜಗ್ಗದಿದ್ದರೆ ನೆಲ ಒರೆಸುವ ಹಳೆಯ ಮಾಪ್ ಉಪಯೋಗಕ್ಕೆ ಬರುತ್ತದೆ. ಅದರ ತಲೆಗೆ ಗಟ್ಟಿ ಪ್ಲಾಸ್ಟಿಕ್ ಕವರ್ ಸುತ್ತಿ, ಸೆಣಬಿನ ಹುರಿಯಿಂದ ಬಿಗಿದು ಕಟ್ಟಿ, ರಂಧ್ರವನ್ನು ಪೂರ್ತಿ ಮುಚ್ಚುವಂತೆ ಇಟ್ಟು, ಸೈಕಲ್ ಪಂಪಿನ ಹಿಡಿಯನ್ನು ಆಡಿಸುವಂತೆ ಮೇಲೆ ಕೆಳಗೆ ಆಡಿಸಬೇಕು. ಒತ್ತುವಷ್ಟೇ ಮುಖ್ಯವಾದದ್ದು ಎಳೆಯುವುದು. ಒತ್ತಡ ಮತ್ತು ಸೆಳೆತ ಎರಡೂ ಸೇರಿದಾಗಲೇ ಸಿಕ್ಕಿಕೊಂಡದ್ದು ಅಲುಗುವುದು. ಮಾಪಿನ ತಲೆ ನೀರಿನಲ್ಲಿ ಮುಳುಗಿರಬೇಕು, ಇಲ್ಲದಿದ್ದರೆ ಗಾಳಿ ಪಕ್ಕಕ್ಕೆ ತಪ್ಪಿಸಿಕೊಂಡು ಶ್ರಮ ವ್ಯರ್ಥವಾಗುತ್ತದೆ. ಇಂಡಿಯನ್ ಬೇಸಿನ್ನಿನಲ್ಲಿ ಈ ಉಪಾಯ ಕಮೋಡಿಗಿಂತ ಸುಲಭ, ಏಕೆಂದರೆ ರಂಧ್ರ ನೇರವಾಗಿ ಕೈಗೆ ಸಿಗುತ್ತದೆ. ಬಟ್ಟೆ, ಬ್ರಷ್ಷು, ಮಕ್ಕಳ ಆಟಿಕೆಯಂಥ ವಸ್ತು ಬಿದ್ದಿರುವುದು ಗೊತ್ತಿದ್ದರೆ ಮಾತ್ರ ಒತ್ತಬಾರದು. ಅದನ್ನು ಹೊರಕ್ಕೇ ತೆಗೆಯಬೇಕು. ತಂತಿಯ ಹ್ಯಾಂಗರನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಪಿಂಗಾಣಿಗೆ ಗೀರು ಬೀಳದಂತೆ ಆ ತುದಿಗೆ ಬಟ್ಟೆ ಸುತ್ತಿ ಮೆಲ್ಲಗೆ ತಿರುಗಿಸುತ್ತಾ ಎಳೆದರೆ ಸಾಮಾನ್ಯವಾಗಿ ಸಿಗುತ್ತದೆ.

ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ಬರುವ ನೊರೆ ಇಂಗಾಲದ ಡೈ ಆಕ್ಸೈಡಿನದು; ಅದು ಮೆತ್ತನೆಯ ಕೊಳೆಯನ್ನು ಸ್ವಲ್ಪ ಅಲುಗಿಸಬಹುದು, ಆದರೆ ನೊರೆ ಅಡಗಿದ ಮೇಲೆ ಉಳಿಯುವುದು ಒಂದು ಲವಣದ ನೀರು ಮಾತ್ರ. ಅಪಾಯವಿಲ್ಲದ್ದರಿಂದ ಮಾಡುವವರು ಮಾಡಲಿ. ಸೋಪು ನೀರಿನಿಂದ ಆಗದ್ದು ಅದರಿಂದ ಆಗುತ್ತದೆಂದು ನಾನು ನಂಬುವುದಿಲ್ಲ.

ಆಸಿಡ್ಡಿನ ವಿಷಯ ಹಾಗಲ್ಲ. ಮಳವಳ್ಳಿಯ ಕಡೆಯ ನನ್ನ ಸೋದರತ್ತೆ ಒಮ್ಮೆ ಫೋನ್ ಮಾಡಿ, "ಅರ್ಧ ಬಾಟ್ಲು ಆಸಿಡ್ ಉಯ್ದ್ರೆ ಹೋಗಲ್ವೇನಪ್ಪಾ?" ಎಂದು ಕೇಳಿದರು. "ಬ್ಯಾಡ ಕಣತ್ತೆ, ಉಯ್ಯಬ್ಯಾಡಿ" ಎಂದು ಮೊದಲು ತಡೆದು, ಆಮೇಲೆ ಕಾರಣ ಹೇಳಿದೆ. ಆಸಿಡ್ ಕರಗಿಸುವುದು ಪಿಂಗಾಣಿಯ ಮೇಲೆ ಕಟ್ಟಿದ ಸುಣ್ಣದಂಥ ಕರೆಯನ್ನು. ತಡೆಗೆ ಕಾರಣವಾಗುವ ಬಟ್ಟೆ, ಕೂದಲು, ಪ್ಯಾಡು, ಪ್ಲಾಸ್ಟಿಕ್ಕನ್ನು ಬಾತ್‌ರೂಮ್ ಆಸಿಡ್ ಬಿಡಿಸುವುದಿಲ್ಲ. ಕೆಳಕ್ಕೆ ಹೋಗಲಾರದೆ ಅದು ನೀರಿನ ಜೊತೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಮಾಪಿನಿಂದ ಒತ್ತಿದರೆ ಕಣ್ಣಿಗೆ, ಮುಖಕ್ಕೆ ಸಿಡಿಯುತ್ತದೆ. ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಎರಡೂ ಸೇರಿ ಕ್ಲೋರಿನ್ ಅನಿಲ ಹೊರಡುತ್ತದೆ, ಸಣ್ಣ ಬಾತ್‌ರೂಮಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಪೈಪ್ ಬಿಡಿಸಲೆಂದು ಪೊಟ್ಟಣದಲ್ಲಿ ಮಾರುವ ಕಾಸ್ಟಿಕ್ ಸೋಡಾದ ಹರಳುಗಳೂ ನಿಂತ ನೀರಿನಲ್ಲಿ ಕುದಿಯುವಷ್ಟು ಶಾಖ ಹುಟ್ಟಿಸುವುದರಿಂದ ಅವನ್ನೂ ಕಮೋಡಿಗೆ ಹಾಕಬಾರದು.

ಅತ್ತೆಯ ಮನೆಯಲ್ಲಿ ಇನ್ನೊಂದು ಕಾರಣವೂ ಇತ್ತು. ಅಲ್ಲಿ ಇರುವುದು ಯುಜಿಡಿಯಲ್ಲ, ಗುಂಡಿ. ಗುಂಡಿಯಲ್ಲಿ ಮಲವನ್ನು ಕರಗಿಸುವುದು ಸೂಕ್ಷ್ಮಜೀವಿಗಳು. ಆಸಿಡ್ ಅವುಗಳನ್ನು ಕೊಲ್ಲುತ್ತದೆ. ಜೊತೆಗೆ ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿ ಗದ್ದೆಗಳಿಗೆ ನೀರು ನಿಂತಿರುವ ಕಾಲದಲ್ಲಿ ನೆಲದೊಳಗಿನ ನೀರು ಮೇಲೇರಿ, ಇಂಗುಗುಂಡಿ ಹೀರಿಕೊಳ್ಳುವುದನ್ನೇ ನಿಲ್ಲಿಸಬಹುದು. ಆಗ ಕಮೋಡಿನ ನೀರು ನಿಧಾನವಾದರೆ ತಪ್ಪು ಟ್ರ್ಯಾಪಿನದಲ್ಲ. ಗುಂಡಿಯನ್ನು ಸಕ್ಕಿಂಗ್ ಯಂತ್ರದಿಂದ ಖಾಲಿ ಮಾಡಿಸದೆ ಬೇರೆ ದಾರಿಯಿಲ್ಲ.

ಹಾಕಬಾರದ ವಸ್ತುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆದರೆ ನೆಂಟರಿಗೆ ಸಂಕೋಚವಿಲ್ಲದೆ ಹೇಳಬೇಕು. ಪ್ಯಾಡು ಮತ್ತು ಡೈಪರಿನೊಳಗೆ ನೀರು ಹೀರಿ ಉಬ್ಬುವ ಪದಾರ್ಥವಿರುವುದರಿಂದ ಅವು ಟ್ರ್ಯಾಪಿನೊಳಗೆ ಹೋದ ಮೇಲೆ ಇನ್ನಷ್ಟು ದೊಡ್ಡದಾಗುತ್ತವೆ. ಒದ್ದೆ ವೈಪ್ಸ್, ತೆಂಗಿನ ನಾರು, ಶಾಂಪೂ ಪೊಟ್ಟಣ, ಬಾಚಣಿಗೆಯ ಕೂದಲು ಒಂದಕ್ಕೊಂದು ಹೆಣೆದುಕೊಂಡು ಕುಳಿತುಬಿಡುತ್ತವೆ. ಬಾತ್‌ರೂಮಿನಲ್ಲಿ ಮುಚ್ಚಳವಿರುವ ಒಂದು ಕಸದ ಡಬ್ಬಿ ಮತ್ತು ಹಳೆಯ ಪತ್ರಿಕೆಯ ಹಾಳೆಗಳನ್ನು ಇಟ್ಟರೆ, ಬಂದವರು ಯಾರನ್ನೂ ಕೇಳಬೇಕಾದ ಮುಜುಗರವೇ ಇರುವುದಿಲ್ಲ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮನೆಯಾಚೆಗಿನ ಕಾರಣವೂ ಇದೆ. ಮಲ ಹೊರುವ ಪದ್ಧತಿಯನ್ನು ಕರ್ನಾಟಕವು 1970ರ ದಶಕದಲ್ಲೇ, ದೇವರಾಜ ಅರಸು ಅವರ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧಿಸಿತು. ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಮನುಷ್ಯರನ್ನು ಅಪಾಯಕಾರಿ ರೀತಿಯಲ್ಲಿ ಇಳಿಸಿ ಶುಚಿಮಾಡಿಸುವುದನ್ನು 2013ರ ಕೇಂದ್ರ ಕಾಯ್ದೆ ಅಪರಾಧವಾಗಿಸಿದೆ. ಆದರೂ ಮನೆಯ ಚೇಂಬರಿನ ಮುಚ್ಚಳ ತೆಗೆಯುವುದು ಇಂದಿಗೂ ಒಬ್ಬ ಮನುಷ್ಯನೇ. ನಾವು ಸುರಿದ ಆಸಿಡ್ ಚರಂಡಿಯ ಹೂಳಿಗೆ ತಗುಲಿದಾಗ, ಅಲ್ಲಿ ಕೂಡಿರುವ ಗಂಧಕದ ಪದಾರ್ಥಗಳಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುಗಡೆಯಾಗುತ್ತದೆ. ಮ್ಯಾನ್‌ಹೋಲಿನಲ್ಲಿ ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸಿ ಕೊಲ್ಲುವುದು ಇದೇ ಅನಿಲ. ಆದ್ದರಿಂದ ಕೊನೆಗೆ ಪ್ಲಂಬರನ್ನೋ ಯಂತ್ರದವರನ್ನೋ ಕರೆಯಲೇಬೇಕಾಗಿ ಬಂದರೆ, ಅವರು ಮುಚ್ಚಳಕ್ಕೆ ಕೈ ಹಾಕುವ ಮೊದಲೇ, ಕಮೋಡಿಗೆ ಏನೇನು ಸುರಿಯಲಾಗಿದೆ, ಯಾವಾಗ, ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳಿರಿ. ಬಾಟಲಿ ಅಥವಾ ಪೊಟ್ಟಣ ಉಳಿದಿದ್ದರೆ ತಂದು ತೋರಿಸಿರಿ.