ಗೇಮಿಂಗ್ ಪಿಸಿ ಕಟ್ಟೋದು: ಬೋರ್ಡ್ ಮೊದಲು, ಗ್ರಾಫಿಕ್ಸ್ ಕಾರ್ಡ್ ಆಮೇಲೆ

ಬೋರ್ಡ್ (ಮದರ್‌ಬೋರ್ಡ್), ಪ್ರೊಸೆಸರ್, ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡುವ ಪೆಟ್ಟಿಗೆ), ಕ್ಯಾಬಿನೆಟ್ ಬಂದಾಯಿತು. ರ‍್ಯಾಮ್ ಒಂದೇ ಒಂದು ಸ್ಟಿಕ್. ಹಳೆ ಲ್ಯಾಪ್‌ಟಾಪಿನ ಎಂ.2 ಎಸ್‌ಎಸ್‌ಡಿ ತೆಗೆದು ಹಾಕಿದ್ದೇನೆ, ವಿಂಡೋಸ್ 11 ಓಡುತ್ತಿದೆ. ಗ್ರಾಫಿಕ್ಸ್ ಕಾರ್ಡ್ ಇನ್ನೂ ಇಲ್ಲ. ಗೇಮಿಂಗ್‌ಗೆ ಅಂತಲೇ ಕಟ್ಟುತ್ತಿರುವ ಪಿಸಿಯಲ್ಲಿ ಕಾರ್ಡನ್ನೇ ಕೊನೆಗೆ ಇಟ್ಟಿದ್ದಕ್ಕೆ ತಮ್ಮ ಮುಖ ಊದಿಸಿಕೊಂಡಿದ್ದಾನೆ. ಆದರೆ ಇದು ಬೇಕಂತಲೇ ಮಾಡಿದ್ದು.

ಎಲ್ಲಾ ಸೇರಿ ಒಂದು ಲಕ್ಷ ದಾಟಬಾರದು ಅಂತ ಲೆಕ್ಕ. ಆ ದುಡ್ಡು ಒಟ್ಟಿಗೆ ಕೈಯಲ್ಲಿಲ್ಲ. ಹಾಗಾಗಿ ಎರಡು ಕಂತಿನಲ್ಲಿ ಕಟ್ಟುವುದು. ಮೊದಲ ಕಂತಿನಲ್ಲಿ ಏನು ಕೊಳ್ಳಬೇಕು ಅನ್ನೋದಕ್ಕೆ ಒಂದೇ ಪ್ರಶ್ನೆ ಕೇಳಿಕೊಂಡೆ: ಐದು ವರ್ಷ ಆದಮೇಲೂ ಈ ಪೆಟ್ಟಿಗೆಯೊಳಗೆ ಏನೇನು ಉಳಿದಿರುತ್ತದೆ? ಗ್ರಾಫಿಕ್ಸ್ ಕಾರ್ಡ್ ಬದಲಾಗುತ್ತದೆ, ಪ್ರೊಸೆಸರ್ ಬದಲಾಗಬಹುದು. ಬೋರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಉಳಿಯುತ್ತವೆ. ಉಳಿಯುವುದರಲ್ಲಿ ಜುಗ್ಗತನ ಮಾಡಬಾರದು. ಹೆಚ್ಚಿನ ಜನ ಇದನ್ನು ಉಲ್ಟಾ ಮಾಡುತ್ತಾರೆ. ದುಡ್ಡೆಲ್ಲಾ ಕಾರ್ಡಿಗೆ ಸುರಿದು, ಮಿಕ್ಕಿದ್ದರಲ್ಲಿ ಸಿಕ್ಕಿದ ಬೋರ್ಡ್, ಕ್ಯಾಬಿನೆಟ್ ಜೊತೆಗೆ ಬಂದ ಎಸ್‌ಎಂಪಿಎಸ್ ಹಾಕಿಸಿಕೊಳ್ಳುತ್ತಾರೆ. ಎರಡು ವರ್ಷಕ್ಕೆ ಅಪ್‌ಗ್ರೇಡ್ ಮಾಡೋಣ ಅಂದಾಗ ಪೂರ್ತಿ ಪಿಸಿಯನ್ನೇ ಬದಲಾಯಿಸಬೇಕಾಗುತ್ತದೆ.

ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್ ಸುತ್ತಿದೆ. ಒಂದು ಅಂಗಡಿಯಲ್ಲಿ 'ಐ7 ಗೇಮಿಂಗ್ ಪಿಸಿ ಇದೆ ಸರ್, ಆರ್‌ಜಿಬಿ ಕ್ಯಾಬಿನೆಟ್, ಕಡಿಮೆಗೆ ಕೊಡ್ತೀನಿ' ಅಂದರು. ಯಾವ ಜನರೇಶನ್ ಅಂತ ಕೇಳಿದರೆ ಮೂರನೆಯದು. ಅಂದರೆ 2012ರ ಪ್ರೊಸೆಸರ್. ಇಂಟೆಲ್‌ನಲ್ಲಿ ವಿಂಡೋಸ್ 11ಗೆ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತಮ್ಮ ಆಡುವ ವ್ಯಾಲೊರೆಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ವ್ಯವಸ್ಥೆ ಎರಡನ್ನೂ ಕೇಳುತ್ತದೆ. ಐ5, ಐ7 ಅನ್ನೋ ಹೆಸರಿಗೆ ದುಡ್ಡು ಕೊಡಬೇಡಿ, ಅದರ ಮುಂದಿನ ನಂಬರ್ ಓದಿ. ಓದುವ ಹುಡುಗರು ಇಂಥ ಪಿಸಿಗೆ ಮನೆಯವರ ದುಡ್ಡು ಹಾಕುವುದನ್ನು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇನ್ನು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ ಆಯ್ಕೆ. ಇದರಲ್ಲೇ ಜಾಸ್ತಿ ತಲೆ ಓಡಿಸಿದ್ದು. ಎಎಂಡಿಯ ಹಳೆ ಎಎಂ4 ಸಾಕೆಟ್‌ನಲ್ಲಿ ರೈಜೆನ್ 5 5600 ಈಗಲೂ ಒಳ್ಳೆ ಪ್ರೊಸೆಸರ್, ಬೋರ್ಡ್ ಕೂಡ ಅಗ್ಗ. 2017ರಲ್ಲಿ ಎಎಂ4ನ ಬಿ350 ಬೋರ್ಡ್ ಕೊಂಡವರು ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಪ್ರೊಸೆಸರ್ ಹಾಕಿಕೊಂಡರು, ಅದೇ ಬೋರ್ಡಿನಲ್ಲಿ! ಅಪ್‌ಗ್ರೇಡ್ ಅಂದರೆ ಅದು. ಆದರೆ ಎಎಂ4 ಈಗ ಹಾದಿಯ ಕೊನೆಗೆ ಬಂದಿದೆ. ಎಎಂ5 ಬಂದಿದ್ದು 2022ರಲ್ಲಿ, ಅದಕ್ಕೆ 2027ರವರೆಗೂ ಅದರಾಚೆಗೂ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. ಇಂಟೆಲ್‌ನ 12, 13, 14ನೇ ಜನರೇಶನ್‌ಗಳು ಒಂದೇ ಸಾಕೆಟ್‌ನಲ್ಲಿ ಕೂರುತ್ತಿದ್ದವು, 2024ರಲ್ಲಿ ಅದೂ ಬದಲಾಯಿತು. ಹಾಗಾಗಿ ಎಎಂ5, ಬಿ650 ಬೋರ್ಡ್. ಎ620 ತಗೊಂಡಿದ್ದರೆ ಇನ್ನೂ ಸ್ವಲ್ಪ ಉಳಿಯುತ್ತಿತ್ತು, ಅದರಲ್ಲೂ ರ‍್ಯಾಮ್‌ನ ಎಕ್ಸ್‌ಪೋ (ಅದರ ಪೂರ್ತಿ ವೇಗ ಕೊಡುವ ಸೆಟ್ಟಿಂಗ್) ಓಡುತ್ತದೆ. ಆದರೆ ಆ ಅಗ್ಗದ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೆ ಕರೆಂಟ್ ಕೊಡುವ ವಿಆರ್‌ಎಂ ಭಾಗಕ್ಕೆ ಹೀಟ್‌ಸಿಂಕ್ ಕೂಡ ಇಲ್ಲದವು ಇವೆ. ಮುಂದೆ 8 ಕೋರ್ ಹಾಕುವ ಆಸೆ ಇರುವವರು ಆ ಭಾಗ ನೋಡಿಯೇ ಕೊಳ್ಳಬೇಕು. ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ಹುಡುಕಿ ತಗೊಂಡೆ. ಮುಂದೆ ಬರುವ ಪ್ರೊಸೆಸರ್ ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಬಯೋಸ್ ಏರಿಸಬಹುದು.

ಪ್ರೊಸೆಸರ್ ರೈಜೆನ್ 5 7600. 6 ಕೋರ್, 12 ಥ್ರೆಡ್. ಇದಕ್ಕಿಂತ ಅಗ್ಗವಾಗಿ 7500ಎಫ್ ಸಿಗುತ್ತದೆ, ಆಟದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. ಕಾರ್ಡ್ ಜೊತೆಗೇ ಕೊಳ್ಳುವವರಿಗೆ ಅದೇ ಸರಿ. ಆದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆಯ ಮೇಲೆ ಏನೂ ಬರಲ್ಲ. 7600ರಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಇದೆ. ದೊಡ್ಡ ಆಟಕ್ಕೆ ಸಾಲದು, ಆದರೆ ಪಿಸಿ ಇವತ್ತೇ ಓಡುತ್ತಿದೆ, ತಮ್ಮನ ಪ್ರಾಜೆಕ್ಟ್ ಕೆಲಸ ನಡೆಯುತ್ತಿದೆ, ವಾರಂಟಿ ಇರುವಾಗಲೇ ಎಲ್ಲವನ್ನೂ ಪರೀಕ್ಷೆ ಮಾಡಿ ನೋಡಿದಂತೆಯೂ ಆಯಿತು. ನಾಳೆ ಕಾರ್ಡ್ ಕೆಟ್ಟು ವಾರಂಟಿಗೆ ಹೋದರೂ ಪಿಸಿ ಸುಮ್ನೆ ಕೂರಲ್ಲ. ಬಾಕ್ಸಲ್ಲೇ ಕೂಲರ್ ಬರುತ್ತದೆ. 65 ವ್ಯಾಟ್ ಪ್ರೊಸೆಸರ್, ಸದ್ಯಕ್ಕೆ ಸಾಕು.

ರ‍್ಯಾಮ್ ಕಥೆ ಬೇಜಾರಿನದು. 2025ರ ಕೊನೆಯಿಂದ ಬೆಲೆ ಮೇಲೆ ಮೇಲೆ ಹೋಗಿದೆ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಈ ಮೂರು ಕಂಪನಿಗಳೇ ಜಗತ್ತಿನ ಹೆಚ್ಚಿನ ಮೆಮೊರಿ ಮಾಡುವುದು. ಎಐ ಡೇಟಾ ಸೆಂಟರ್‌ಗಳು ಮಾಲನ್ನೆಲ್ಲಾ ಎಳೆದುಕೊಳ್ಳುತ್ತಿವೆ. ಮೈಕ್ರಾನ್ ಅಂತೂ ನಮ್ಮಂಥ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿತು. 16 ಜಿಬಿಯ ಎರಡು ಸ್ಟಿಕ್ ನನ್ನ ಕೈಗೆ ಎಟುಕಲಿಲ್ಲ. 8 ಜಿಬಿಯ ಎರಡು ತಗೋ, ಡ್ಯುಯಲ್ ಚಾನಲ್ (ಎರಡು ಸ್ಟಿಕ್ ಒಟ್ಟಿಗೆ ಓಡಿ ವೇಗ ಹೆಚ್ಚುವುದು) ಸಿಗುತ್ತದೆ ಅಂತ ಗೆಳೆಯರು ಹೇಳಿದರು. ಮಾತು ಸರಿ, ಆದರೆ 8 ಜಿಬಿಯ ಡಿಡಿಆರ್5 ಸ್ಟಿಕ್‌ನಲ್ಲಿ ಸಾಮಾನ್ಯವಾಗಿ ನಾಲ್ಕೇ ಚಿಪ್ ಇರುತ್ತವೆ, ಅದರಿಂದ ವೇಗವೂ ಸ್ವಲ್ಪ ಕಡಿಮೆ. ಅದಕ್ಕಿಂತ ಮುಖ್ಯವಾಗಿ, 32ಕ್ಕೆ ಹೋಗುವ ದಿನ ಆ ಎರಡನ್ನೂ ತೆಗೆಯಬೇಕು. ನಾಲ್ಕೂ ಸ್ಲಾಟ್ ತುಂಬಿಸಿದರೆ ಎಎಂ5ನಲ್ಲಿ ವೇಗ ಇಳಿಸಬೇಕಾಗುತ್ತದೆ. ಹಾಗಾಗಿ 6000ರ ವೇಗದ 16 ಜಿಬಿ ಒಂದೇ ಸ್ಟಿಕ್. ಸಿಂಗಲ್ ಚಾನಲ್‌ನಿಂದ ಆಟದಲ್ಲಿ ಫ್ರೇಮ್ ಕಡಿಮೆಯಾಗುತ್ತದೆ, ಅದು ಗೊತ್ತಿದ್ದೇ ಒಪ್ಪಿಕೊಂಡಿದ್ದು. ಪಾರ್ಟ್ ನಂಬರ್ ಬರೆದಿಟ್ಟುಕೊಂಡಿದ್ದೇನೆ, ಬೆಲೆ ಇಳಿದಾಗ ಅದೇ ನಂಬರಿನದು ಇನ್ನೊಂದು.

ಎಎಂ5 ಮೊದಲ ಸಲ ಆನ್ ಮಾಡುವವರಿಗೆ ಒಂದು ಮಾತು. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ, ಕೆಲವು ನಿಮಿಷ ಹಾಗೇ. ಬೋರ್ಡ್ ಆಗ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ.

ಎಸ್‌ಎಂಪಿಎಸ್ 650 ವ್ಯಾಟ್, ಎಟಿಎಕ್ಸ್ 3.1 ಮಾನದಂಡದ್ದು. ಬ್ರಾಂಜ್, ಗೋಲ್ಡ್ ಅನ್ನೋ ಚೀಟಿ ಕರೆಂಟ್ ಎಷ್ಟು ವ್ಯರ್ಥ ಆಗುತ್ತದೆ ಅಂತ ಹೇಳುತ್ತದೆಯೇ ಹೊರತು ಒಳಗಿನ ರಕ್ಷಣೆ ಬಗ್ಗೆ ಹೇಳಲ್ಲ. ಅದಕ್ಕೆ ಬಿಚ್ಚಿ ಪರೀಕ್ಷಿಸಿದ ರಿವ್ಯೂ ಇರುವ ಮಾಡೆಲನ್ನೇ ಹುಡುಕಬೇಕು. ಎಲ್ಲದಕ್ಕೂ ಜಿಎಸ್‌ಟಿ ಬಿಲ್ ಹಾಕಿಸಿಕೊಂಡೆ, 18 ಪರ್ಸೆಂಟ್ ಉಳಿಸಲು ಹೋಗಿ ವಾರಂಟಿ ಕಳೆದುಕೊಳ್ಳುವುದು ಬೇಡ.

ನಮ್ಮದು ಹೊಸಪೇಟೆ. ಅದಿರಿನ ಲಾರಿ ಓಡುವ ರಸ್ತೆಯ ಹತ್ತಿರ ಮನೆ, ಕೆಂಪು ಧೂಳು ಬೀರು ಒಳಗೂ ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಮುಂದೆ ಗಾಜು ಇರುವ ಕ್ಯಾಬಿನೆಟ್ ನೋಡಲು ಚೆಂದ, ಆದರೆ ಗಾಳಿ ಎಲ್ಲಿಂದ ಒಳಗೆ ಹೋಗಬೇಕು? ಮುಂದೆ ಜಾಲರಿ ಇರುವುದು, ಫಿಲ್ಟರ್ ಕೈಯಲ್ಲೇ ಎಳೆದು ತೊಳೆಯಲು ಬರುವುದು, ಅಷ್ಟೇ ನೋಡಿದ್ದು. ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಒಳಗೆ ಬರುವ ಗಾಳಿ ಜಾಸ್ತಿ ಇದ್ದರೆ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆ.

ಈಗ ಉಳಿದಿರುವುದು ಕಾರ್ಡ್. ಸದ್ಯದ ಮನಸ್ಸು ಆರ್‌ಎಕ್ಸ್ 9060 ಎಕ್ಸ್‌ಟಿ ಮೇಲೆ, 16 ಜಿಬಿ ಮೆಮೊರಿಯದು. ಇದೇ ಹೆಸರಿನಲ್ಲಿ 8 ಜಿಬಿಯದೂ ಇದೆ, ಬಿಲ್ ಮಾಡಿಸುವಾಗ ನೋಡಿಕೊಳ್ಳಿ. ಇಂಟೆಲ್ ಆರ್ಕ್ ಬಿ580 12 ಜಿಬಿ ಕೊಡುತ್ತದೆ, ಬೆಲೆ ಇನ್ನೂ ಕೆಳಗೆ ಬಂದರೆ ಅದನ್ನೂ ಯೋಚಿಸುತ್ತೇನೆ, ಎಎಂ5 ಪ್ರೊಸೆಸರ್ ಇರುವುದರಿಂದ ಅದರ ಡ್ರೈವರ್ ಸಾಫ್ಟ್‌ವೇರ್ ಪ್ರೊಸೆಸರ್ ಮೇಲೆ ಹಾಕುವ ಭಾರದ ತೊಂದರೆ ನಮಗೆ ಅಷ್ಟಾಗಿ ತಟ್ಟಲ್ಲ. ಹಳೆಯ ಜಿಟಿಎಕ್ಸ್ 1080 ಟಿಐ ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಬಂದಿತ್ತು, ಬೇಡ ಅಂದೆ. 2025ರ ಡೂಮ್‌ನಂಥ ಆಟಗಳು ರೇ ಟ್ರೇಸಿಂಗ್ (ಬೆಳಕನ್ನು ನಿಜದಂತೆ ತೋರಿಸುವ ವಿಧಾನ) ಇಲ್ಲದ ಕಾರ್ಡ್‌ನಲ್ಲಿ ಶುರುವೇ ಆಗಲ್ಲ.

ಕಾರ್ಡ್‌ಗಿಂತ ಮುಂಚೆ ಯುಪಿಎಸ್ ಬದಲಾಗಬೇಕು. ಮನೆಯಲ್ಲಿರುವ 600 ವಿಎಯದು ಹೆಚ್ಚೆಂದರೆ 360 ವ್ಯಾಟ್ ಕೊಡುತ್ತದೆ. ಕಾರ್ಡೊಂದೇ 160, ಜೊತೆಗೆ ಪ್ರೊಸೆಸರ್, ಮಾನಿಟರ್, ರೌಟರ್. ಆಟದ ಮಧ್ಯೆ ಕರೆಂಟ್ ಹೋದರೆ ಅಂಚಿಗೆ ಬರುತ್ತದೆ. 1000 ವಿಎ ಮೇಲಿನದು ನೋಡುತ್ತಿದ್ದೇನೆ. ಹೊಸಪೇಟೆ, ಬಳ್ಳಾರಿ ಕಡೆ ಯಾರಾದರೂ ಇಂಥ ಪಿಸಿಗೆ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ) ಯುಪಿಎಸ್ ಹಾಕಿ ವರ್ಷದ ಮೇಲೆ ಬಳಸಿದ್ದರೆ, ಬ್ಯಾಟರಿ ಹೇಗೆ ಬಾಳಿಕೆ ಬಂತು ಅಂತ ತಿಳಿಸಿ.